ಫೂ ಎಲ್ಲಿ ಸಿಗುತ್ತದೆ?

ಪ್ರೋಗ್ರಾಮಿಂಗ್ ಕಲಿಯಲು ಈಚೆಗಷ್ಟೇ ಕುಳಿತ ಒಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: "ಸರ್, ಪಾಠದಲ್ಲಿ ಎಲ್ಲ ಕಡೆಯೂ ಫೂ ಎಂದಿದೆ. ನನ್ನ ಕಂಪ್ಯೂಟರಿನಲ್ಲಿ ಅದು ಇಲ್ಲ. ಎಲ್ಲಿಂದ ಇಳಿಸಿಕೊಳ್ಳಬೇಕು?" ಪಕ್ಕದಲ್ಲಿ ಕುಳಿತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಕಲಿಯುವ ಕಾಲದಲ್ಲಿ ನಾನೂ ಫೂ ಎಂಬ ಹೆಸರಿನ ಕಡತವನ್ನು ಇಡೀ ಡಿಸ್ಕಿನಲ್ಲಿ ಹುಡುಕಿ, ಸಿಗದೆ, ಹಾಕಿಕೊಂಡ ತಂತ್ರಾಂಶವೇ ಅರೆಬರೆಯಾಗಿದೆ ಎಂದು ತೀರ್ಮಾನಿಸಿ, ಎಲ್ಲವನ್ನೂ ಅಳಿಸಿ ಮತ್ತೊಮ್ಮೆ ಮೊದಲಿನಿಂದ ಹಾಕಿಕೊಂಡವನು.

ಫೂ ಎಂದರೆ ಏನೂ ಅಲ್ಲ. ಏನೂ ಅಲ್ಲದಿರುವುದೇ ಅದರ ಕೆಲಸ. ವ್ಯಾಕರಣದ ಪಾಠದಲ್ಲಿ ರಾಮನು ಮರವನ್ನು ನೋಡುತ್ತಲೇ ಇರುತ್ತಾನೆ, ಮೀಮಾಂಸೆಯ ದೇವದತ್ತನು ಹಗಲು ಉಣ್ಣದೆಯೂ ದಪ್ಪಗಿರುತ್ತಾನೆ. ಯಾವ ರಾಮ, ಯಾವ ಊರಿನ ದೇವದತ್ತ ಎಂದು ಯಾರೂ ವಿಚಾರಿಸುವುದಿಲ್ಲ. ಹೆಸರಿನ ಕಡೆಗೆ ಗಮನ ಹೋಗದೆ ವಾಕ್ಯದ ರಚನೆಯ ಕಡೆಗೇ ಹೋಗಲಿ ಎಂದು ಅಲ್ಲಿ ದೇವದತ್ತ ನಿಂತಿರುವಂತೆ ಇಲ್ಲಿ ಫೂ, ಬಾರ್, ಬಾಝ್‌ಗಳು ನಿಂತಿವೆ. ಗೂಢಲಿಪಿಶಾಸ್ತ್ರದವರಿಗೂ ಇಂಥದೇ ಜೋಡಿ ಒಂದಿದೆ: ಸಂದೇಶ ಕಳುಹಿಸುವವಳು ಆಲಿಸ್, ಪಡೆಯುವವನು ಬಾಬ್. 1978ರಲ್ಲಿ ಆರ್‌ಎಸ್‌ಎ ಪದ್ಧತಿಯನ್ನು ವಿವರಿಸಿದ ಪ್ರಬಂಧದಲ್ಲಿ ಕಾಣಿಸಿಕೊಂಡ ಇವರಿಬ್ಬರ ಪತ್ರವ್ಯವಹಾರ ಇಂದಿಗೂ ಮುಗಿದಿಲ್ಲ.

ಫೂ ಪದದ ಮೂಲವನ್ನು ಹುಡುಕಿದವರು ಹಲವರಿದ್ದಾರೆ. ಇಂಟರ್‌ನೆಟ್ಟಿನ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ 3092ನೆಯದು ಇಡಿಯಾಗಿ ಈ ಪದದ ವ್ಯುತ್ಪತ್ತಿಗೇ ಮೀಸಲಾಗಿದೆ. ಅದು ಪ್ರಕಟವಾದ ದಿನಾಂಕ 2001ರ ಏಪ್ರಿಲ್ 1 ಆಗಿರುವುದರಿಂದ ಬರೆದವರ ಮುಖದಲ್ಲಿ ಮಂದಹಾಸವಿತ್ತೆಂದು ಊಹಿಸಬಹುದಾದರೂ ಒಳಗಿನ ಸಂಗ್ರಹ ಹುಡುಗಾಟದ್ದಲ್ಲ. 1930ರ ದಶಕದ ಅಮೆರಿಕದ ಒಂದು ಹಾಸ್ಯಚಿತ್ರಮಾಲೆಯಲ್ಲಿ ಈ ಪದ ಅರ್ಥವಿಲ್ಲದೆ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದ ಸೈನಿಕರ ಆಡುಮಾತಿನಲ್ಲಿ ಅದಕ್ಕೆ ಹತ್ತಿರದ ಉಚ್ಚಾರಣೆಯ ಒಂದು ಬೈಗುಳದ ಸಂಕ್ಷೇಪವಿತ್ತು. ಎಂಐಟಿ ವಿದ್ಯಾರ್ಥಿಗಳ ಆಟಿಕೆ ರೈಲು ಸಂಘವು 1959ರಲ್ಲಿ ಮಾಡಿಕೊಂಡ ಪದಕೋಶದಲ್ಲೂ ಫೂ ಇದೆ. ಅಲ್ಲಿಂದ ಅದು ಕೋಡಿಗೆ ಬಂತು. ನನ್ನ ಮಿತ್ರರಿಗೆ ಇಷ್ಟನ್ನೂ ಉತ್ಸಾಹದಿಂದ ಹೇಳಿ ಮುಗಿಸಿದಾಗ ಅವರು ತಾಳ್ಮೆಯಿಂದ ಕೇಳಿ, ಮತ್ತೊಂದು ಪ್ರಶ್ನೆ ಹಾಕಿದರು: "ಹಾಗಾದರೆ ನಾನು ಬರೆಯುವಾಗಲೂ ಫೂ ಎಂದೇ ಬರೆಯಬೇಕೋ?"

ಅವರು ಮೊದಲಿನಿಂದಲೂ ಕೇಳುತ್ತಿದ್ದದ್ದು ಇದನ್ನೇ ಎಂದು ಆಗ ನನಗೆ ಹೊಳೆಯಿತು. ಹೊಸಬರು ಒಂದು ಹೆಸರನ್ನು ತೋರಿಸಿ "ಇದೇನು?" ಎಂದಾಗ, ಅವರಿಗೆ ಬೇಕಾಗಿರುವುದು ಬಹುಪಾಲು ಅದರ ಅರ್ಥವಲ್ಲ, ಆ ಹೆಸರಿಗೆ ತಾವು ಎಷ್ಟರಮಟ್ಟಿಗೆ ತಲೆಬಾಗಬೇಕು ಎಂಬುದು. ಅದನ್ನು ಬದಲಿಸಿದರೆ ಯಂತ್ರ ಸಿಟ್ಟಾಗುತ್ತದೆಯೋ, ಜೊತೆಗಾರರು ಸಿಟ್ಟಾಗುತ್ತಾರೋ, ಅಥವಾ ಸಿಟ್ಟಾಗಬೇಕಾದವರೆಲ್ಲ ನಿವೃತ್ತರಾಗಿ ಹೆಸರು ಮಾತ್ರ ಉಳಿದುಕೊಂಡಿದೆಯೋ ಎಂಬುದು. ಈ ಮೂರೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಬಹುಕಾಲ ಇದರಲ್ಲೇ ಇದ್ದವರಿಗೆ ವ್ಯತ್ಯಾಸ ಎಷ್ಟು ಒಗ್ಗಿಹೋಗಿರುತ್ತದೆಂದರೆ, ಅದನ್ನು ಹೇಳಬೇಕೆಂಬ ನೆನಪೇ ಅವರಿಗೆ ಬರುವುದಿಲ್ಲ.

ಪೈಥಾನ್ ಭಾಷೆಯ ಸೆಲ್ಫ್ ಎಂಬ ಪದವನ್ನೇ ನೋಡಿ. ಕ್ಲಾಸಿನೊಳಗೆ ಬರೆಯುವ ಬಹುತೇಕ ಎಲ್ಲ ಫಂಕ್ಷನ್ನುಗಳ ಆವರಣದ ಮೊದಲ ಸ್ಥಾನದಲ್ಲಿ ಅದು ಇದ್ದೇ ಇರುತ್ತದೆಯಾದ್ದರಿಂದ, ಅದು ಭಾಷೆಯ ಕಾದಿಟ್ಟ ಪದ ಎಂದು ನಾನು ಒಂದು ವರ್ಷ ನಂಬಿದ್ದೆ. ಒಂದು ದಿನ ಬೆರಳು ತಪ್ಪಿ ಸೆಲ್ಫ್ ಬದಲು ಸೆಲ್ ಎಂದು ಟೈಪಾಗಿ, ಮುಂದಿನ ಸಾಲುಗಳಲ್ಲೂ ಎಡಿಟರ್ ತಾನಾಗಿ ಅದನ್ನೇ ತುಂಬಿಸಿ, ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ಓಡಿತು. ಆಗ ತಿಳಿಯಿತು: ಪೈಥಾನಿಗೆ ಬೇಕಾಗಿರುವುದು ಮೊದಲ ಸ್ಥಾನದಲ್ಲಿ ಒಂದು ಹೆಸರು ಅಷ್ಟೇ, ಯಾವ ಹೆಸರೆಂಬುದು ಅದಕ್ಕೆ ಮುಖ್ಯವಲ್ಲ. ಸೆಲ್ಫ್ ಎಂಬುದು ಜನ ಮಾಡಿಕೊಂಡ ಒಪ್ಪಂದ. ಜಾವಾದಲ್ಲಿ ಅದೇ ಕೆಲಸ ಮಾಡುವ ದಿಸ್ ಎಂಬ ಪದವಾದರೋ ನಿಜವಾಗಿಯೂ ಭಾಷೆಯದೇ. ಅದನ್ನು ಬದಲಿಸಲು ಹೋದರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದವರು ಇಲ್ಲಿ ಎಡವುವುದು ಸಹಜ.

ಇದಕ್ಕಿಂತ ಸೂಕ್ಷ್ಮವಾದದ್ದು ಪೈಥಾನಿನ ಅಡಿಗೆರೆಯ ಸಂಗತಿ. ಹೆಸರಿನ ಮುಂದೆ ಒಂದು ಅಡಿಗೆರೆ ಇದ್ದರೆ "ಇದು ಮನೆಯೊಳಗಿನ ವಿಷಯ, ಹೊರಗಿನವರು ಮುಟ್ಟಬೇಡಿ" ಎಂಬ ವಿನಂತಿ. ಮುಟ್ಟಿದರೆ ಪೈಥಾನ್ ತಡೆಯುವುದಿಲ್ಲ. ಅದೇ ಎರಡು ಅಡಿಗೆರೆ ಇಟ್ಟಿರೋ, ವಿನಂತಿ ಹೋಗಿ ನಿಯಮ ಬರುತ್ತದೆ. ಖಾತೆ ಎಂಬ ಕ್ಲಾಸಿನೊಳಗೆ __ಮೊತ್ತ ಎಂದು ಬರೆದರೆ ಪೈಥಾನ್ ಅದನ್ನು ಸದ್ದಿಲ್ಲದೆ _ಖಾತೆ__ಮೊತ್ತ ಎಂದು ತಿದ್ದಿಕೊಳ್ಳುತ್ತದೆ. ಕ್ಲಾಸಿನ ಹೊರಗಿನಿಂದ __ಮೊತ್ತ ಎಂದು ಕೇಳಿದರೆ ಅಂಥ ಹೆಸರೇ ಇಲ್ಲ ಎನ್ನುತ್ತದೆ. ಹಿಂದೆ ಎರಡು ಮುಂದೆ ಎರಡು ಅಡಿಗೆರೆ ಇದ್ದರೆ ಈ ತಿದ್ದುಪಡಿ ನಡೆಯುವುದಿಲ್ಲ. ಅವು ಭಾಷೆಯೇ ತನ್ನ ಉಪಯೋಗಕ್ಕೆ ಇಟ್ಟುಕೊಂಡ ಹೆಸರುಗಳು, ಬಳಕೆದಾರರ ಬಾಯಲ್ಲಿ ಡಂಡರ್. ಒಂದು ಗೆರೆಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು, ನಾಲ್ಕಕ್ಕೆ ಮತ್ತೊಂದು. ಪರದೆಯ ಮೇಲೆ ಎರಡು ಅಡಿಗೆರೆಗಳು ಕೂಡಿಕೊಂಡು ಒಂದೇ ಉದ್ದ ಗೆರೆಯಂತೆ ಕಾಣುವುದರಿಂದ, ಹೊಸಬರು "ಗೆರೆ ಹಾಕಿದ್ದೇನಲ್ಲ, ಯಾಕೆ ಕೆಲಸ ಮಾಡುತ್ತಿಲ್ಲ?" ಎಂದು ಕೇಳಿದರೆ ನಾನು ಮೊದಲು ಅವರ ಫಾಂಟನ್ನು ದೊಡ್ಡದು ಮಾಡಿಸುತ್ತೇನೆ.

ರೂಢಿ ಮತ್ತು ನಿಯಮಗಳ ನಡುವಿನ ಈ ಗೆರೆಯನ್ನು ನಾನೇ ಅಳಿಸಿ ಒಬ್ಬರಿಗೆ ತೊಂದರೆ ಕೊಟ್ಟದ್ದೂ ಉಂಟು. ಗೋ ಭಾಷೆಯನ್ನು ಕಲಿಯುತ್ತಿದ್ದ ಒಬ್ಬರು, ಕೆಲವು ಹೆಸರುಗಳು ದೊಡ್ಡಕ್ಷರದಿಂದಲೂ ಕೆಲವು ಚಿಕ್ಕಕ್ಷರದಿಂದಲೂ ಏಕೆ ಆರಂಭವಾಗುತ್ತವೆ ಎಂದು ಕೇಳಿದ್ದರು. ನಾನು ಬೇರೆ ಭಾಷೆಗಳ ಗುಂಗಿನಲ್ಲಿ, "ಅದು ಬರಿಯ ಶೈಲಿ, ನಿಮಗೆ ಒಗ್ಗಿದಂತೆ ಬರೆಯಿರಿ" ಎಂದುಬಿಟ್ಟೆ. ಅವರು ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದರು. ಪ್ರೋಗ್ರಾಮು ಕಂಪೈಲಾಯಿತು, ಓಡಿತು. ಆದರೆ ಮಾಹಿತಿಯನ್ನು ಜೇಸನ್ ಎಂಬ, ಪ್ರೋಗ್ರಾಮುಗಳು ಪರಸ್ಪರ ಮಾಹಿತಿ ಕಳುಹಿಸಲು ಬಳಸುವ ಪಠ್ಯರೂಪಕ್ಕೆ ಇಳಿಸಿದಾಗ ಬಂದದ್ದು ಒಂದು ತೆರೆಯುವ ಪುಷ್ಪಾವರಣ, ಒಂದು ಮುಚ್ಚುವ ಪುಷ್ಪಾವರಣ, ನಡುವೆ ಶೂನ್ಯ. ದೋಷದ ಸಂದೇಶ ಒಂದೂ ಇರಲಿಲ್ಲ. ಎರಡು ದಿನ ಒದ್ದಾಡಿದ ಮೇಲೆ ಅವರು ಮತ್ತೆ ನನ್ನ ಬಳಿ ಬಂದರು. ಗೋ ಭಾಷೆಯಲ್ಲಿ ದೊಡ್ಡಕ್ಷರದಿಂದ ಆರಂಭವಾಗುವ ಹೆಸರು ಮಾತ್ರ ತನ್ನ ಪ್ಯಾಕೇಜಿನಿಂದ ಹೊರಗೆ ಕಾಣುತ್ತದೆ. ಜೇಸನ್ ತಯಾರಿಸುವ ಪ್ಯಾಕೇಜು ಹೊರಗಿನದಾದ್ದರಿಂದ ಚಿಕ್ಕಕ್ಷರದ ಒಂದು ಅಂಶವೂ ಅದರ ಕಣ್ಣಿಗೆ ಬೀಳುವುದಿಲ್ಲ. ಶೈಲಿ ಎಂದು ನಾನು ತಳ್ಳಿಹಾಕಿದ್ದು ಆ ಭಾಷೆಯ ಕಟ್ಟಾ ನಿಯಮವಾಗಿತ್ತು. ಅವರು ನನ್ನನ್ನು ದೂರಲಿಲ್ಲ, ದೂರಿದ್ದರೆ ಚೆನ್ನಾಗಿತ್ತು.

ಅಂದಿನಿಂದ, ಹೆಸರಿನ ಬಗ್ಗೆ ಯಾರಾದರೂ ಕೇಳಿದರೆ, ಅದರ ಕತೆಗಿಂತ ಮೊದಲು ಅದನ್ನು ಮುರಿದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ. ಕತೆ ಆಮೇಲೆ. ಕತೆ ಬೇಡವೆಂದಲ್ಲ, ಕೆಲವು ಹೆಸರುಗಳಿಗೆ ಕತೆಯ ಹೊರತು ಬೇರೆ ಸಮರ್ಥನೆಯೇ ಇಲ್ಲ.

ಉದಾಹರಣೆಗೆ ಸಿ ಭಾಷೆಯಲ್ಲಿ ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸರಣಿಯನ್ನು, ನಕಲು ಮಾಡುವ ಫಂಕ್ಷನ್ನಿನ ಹೆಸರು ಸ್ವರಗಳನ್ನೆಲ್ಲ ನುಂಗಿಕೊಂಡು ಆರೇ ಅಕ್ಷರಕ್ಕೆ ಮುದುಡಿ ಕುಳಿತಿದೆ. ಸ್ಮೃತಿಯನ್ನು ಬೇಡುವ ಮ್ಯಾಲಾಕ್ ಕೂಡ ಆರೇ ಅಕ್ಷರ. ಇದನ್ನು ನೋಡಿದ ಹೊಸಬರು, ಹೀಗೆ ತುಂಡರಿಸಿ ಬರೆಯುವುದೇ ಪ್ರೌಢಿಮೆಯ ಲಕ್ಷಣವೆಂದು ತಿಳಿದು ತಮ್ಮ ವೇರಿಯಬಲ್‌ಗಳ ಸ್ವರಗಳನ್ನೂ ಕಿತ್ತುಹಾಕುತ್ತಾರೆ. ಅಸಲಿಗೆ, ಪ್ರೋಗ್ರಾಮಿನ ತುಂಡುಗಳನ್ನು ಒಂದುಗೂಡಿಸುವ ಅಂದಿನ ಕೆಲವು ಲಿಂಕರ್‌ಗಳು ಹೆಸರಿನ ಮೊದಲ ಆರು ಅಕ್ಷರಗಳನ್ನಷ್ಟೇ ನೋಡುತ್ತಿದ್ದವು. 1989ರ ಸಿ ಮಾನದಂಡವೂ ಬೇರೆ ಕಡತಗಳಿಗೆ ಕಾಣಬೇಕಾದ ಹೆಸರುಗಳ ಮಟ್ಟಿಗೆ ಅಷ್ಟರದೇ ಭರವಸೆ ಕೊಟ್ಟಿತು. ಏಳನೆಯ ಅಕ್ಷರದಲ್ಲಿ ಮಾತ್ರ ಬೇರೆಯಾಗುವ ಎರಡು ಹೆಸರುಗಳು ಅಂಥಲ್ಲಿ ಒಂದೇ ಆಗಿಬಿಡುವ ಅಪಾಯವಿತ್ತು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಎಲ್‌ಎಸ್, ಸಿಪಿ, ಎಂವಿ ಎಂಬ ಎರಡಕ್ಷರದ ಆದೇಶಗಳೂ ಅಂಥದೇ ಕಾಲದವು: ಅಂದು ಬಳಕೆಯಲ್ಲಿದ್ದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಮುದ್ರಿಸುತ್ತಿತ್ತು, ಅದರ ಕೀಲಿಗಳನ್ನು ಒತ್ತುವುದೂ ಸುಲಭವಿರಲಿಲ್ಲ. ಆ ಯಂತ್ರಗಳು ಹೋದವು, ಬೆರಳುಗಳ ಅಭ್ಯಾಸ ಉಳಿಯಿತು.

ಲೂಪುಗಳಲ್ಲಿ ಐ, ಜೆ, ಕೆ ಎಂದೇ ಏಕೆ ಬರೆಯುತ್ತಾರೆ, ಎ, ಬಿ, ಸಿ ಏಕಲ್ಲ ಎಂಬುದು ನನಗೆ ತುಂಬ ಪ್ರಿಯವಾದ ಪ್ರಶ್ನೆ. ಗಣಿತದವರು ಸಾಲು-ಕಂಬಗಳ ಸೂಚಕಗಳಿಗೆ ಈ ಅಕ್ಷರಗಳನ್ನು ಮೊದಲಿನಿಂದಲೇ ಬಳಸುತ್ತಿದ್ದರು. 1957ರ ಫೋರ್ಟ್ರಾನ್ ಅದನ್ನು ನಿಯಮವನ್ನಾಗಿ ಮಾಡಿತು: ಐ ಇಂದ ಎನ್‌ವರೆಗಿನ ಯಾವುದೇ ಅಕ್ಷರದಿಂದ ಆರಂಭವಾಗುವ ವೇರಿಯಬಲ್ ಪೂರ್ಣಾಂಕ, ಉಳಿದದ್ದು ದಶಮಾಂಶ. ಇಂದಿನ ಭಾಷೆಗಳಲ್ಲಿ ಆ ನಿಯಮ ಕಳಚಿಬಿದ್ದು ರೂಢಿಯಷ್ಟೇ ಉಳಿದಿದೆ. ಒಂದು ಕಾಲದಲ್ಲಿ ಯಂತ್ರವೇ ಒತ್ತಾಯಿಸುತ್ತಿದ್ದದ್ದು ಈಗ ಜನರ ಒಪ್ಪಂದವಾಗಿದೆ. ಹಾಗಾಗಿ ಮೂರು ಸಾಲಿನ ಲೂಪಿಗೆ ಐ ಸಾಕು. ಮೂವತ್ತು ಸಾಲಿನದಾದರೆ ನಾನು ದಯವಿಟ್ಟು ಪೂರ್ಣ ಹೆಸರಿಡಿ ಎನ್ನುತ್ತೇನೆ.

ಇನ್ನು ಕೆಲವು ಹೆಸರುಗಳು ಕಾಗುಣಿತದ ತಪ್ಪುಗಳು. ಯುನಿಕ್ಸಿನಲ್ಲಿ ಹೊಸ ಕಡತವನ್ನು ಸೃಷ್ಟಿಸುವ ವ್ಯವಸ್ಥಾ ಕರೆಯ ಹೆಸರಿನಲ್ಲಿ ಕೊನೆಯ ಇ ಅಕ್ಷರವಿಲ್ಲ. ಯುನಿಕ್ಸನ್ನು ಮತ್ತೊಮ್ಮೆ ಮಾಡುವುದಾದರೆ ಏನು ಬದಲಿಸುವಿರಿ ಎಂದು ಕೇಳಿದ್ದಕ್ಕೆ, ಆ ಇ ಅಕ್ಷರವನ್ನು ಸೇರಿಸುತ್ತೇನೆ ಎಂಬರ್ಥದ ಉತ್ತರವನ್ನು ಅದರ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಕೊಟ್ಟದ್ದು ಪ್ರಸಿದ್ಧ. ಜಾಲತಾಣಕ್ಕೆ ನೀವು ಯಾವ ಪುಟದಿಂದ ಬಂದಿರಿ ಎಂದು ಬ್ರೌಸರ್ ತಿಳಿಸುವ ರೆಫರರ್ ಎಂಬ ತಲೆಸಾಲಿನಲ್ಲಿ ಇರಬೇಕಾದ ಒಂದು ಆರ್ ಬಿಟ್ಟುಹೋಗಿ, 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ಹಾಗೆಯೇ ಇದೆ. ಮುಂದೆ ಇದನ್ನೇ ನಿಯಂತ್ರಿಸಲು ಬಂದ ಇನ್ನೊಂದು ತಲೆಸಾಲಿನಲ್ಲಿ ಕಾಗುಣಿತ ಸರಿಯಾಗಿದೆ. ಒಂದೇ ಪದ ಒಂದು ಕಡೆ ತಪ್ಪಾಗಿಯೇ ಇರಬೇಕು, ಇನ್ನೊಂದು ಕಡೆ ಸರಿಯಾಗಿಯೇ ಇರಬೇಕು. ಅದಲುಬದಲಾದರೆ ಎರಡೂ ಕೆಲಸ ಮಾಡುವುದಿಲ್ಲ. ಇಂಗ್ಲಿಷು ಚೆನ್ನಾಗಿ ಬರುವ ಹೊಸಬರೇ ಇಲ್ಲಿ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಅವರು ತಿದ್ದಿಬಿಡುತ್ತಾರೆ.

ಪರಿಭಾಷೆಯ ಪದಗಳದು ಬೇರೆಯೇ ತೊಡಕು. ಡೀಮನ್ ಎಂದರೆ ಭೂತವಲ್ಲ, ಹಿನ್ನೆಲೆಯಲ್ಲಿ ತಾನಾಗಿ ದುಡಿಯುವ ಪ್ರೋಗ್ರಾಮು. 1963ರ ಸುಮಾರಿಗೆ ಎಂಐಟಿಯ ಪ್ರಾಜೆಕ್ಟ್ ಮ್ಯಾಕಿನವರು ಭೌತಶಾಸ್ತ್ರದ ಮ್ಯಾಕ್ಸ್‌ವೆಲ್ ಭೂತವನ್ನು ನೆನೆದು ಇಟ್ಟ ಹೆಸರು. ಬಗ್ ಎಂಬ ಪದ 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗದಿಂದ ಹುಟ್ಟಿತು ಎಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಪತಂಗ ಸಿಕ್ಕಿದ್ದು ನಿಜ, ಅದನ್ನು ದಾಖಲೆಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ನಿಜವಾದ ಹುಳುವೇ ಸಿಕ್ಕ ಮೊದಲ ಪ್ರಸಂಗವಿದು ಎಂದು ಅಲ್ಲಿ ಬರೆದಿದ್ದಾರೆ. ಪದ ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಆ ವಿನೋದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಡಿಸನ್ನನ 1878ರ ಪತ್ರದಲ್ಲಿಯೇ ಆ ಪದ ಇದೇ ಅರ್ಥದಲ್ಲಿ ಬಂದಿದೆ. ಇವೆಲ್ಲ ಹೊಸಬರಿಗೆ ತೊಂದರೆ ಕೊಡುವ ಪದಗಳಲ್ಲ, ವಿಚಿತ್ರವಾಗಿರುವುದರಿಂದಲೇ ಅವರು ನಿಂತು ಕೇಳುತ್ತಾರೆ. ತೊಂದರೆ ಕೊಡುವುದು ಪರಿಚಿತ ಮುಖದ ಪದಗಳು. ಡೆಪ್ರಿಕೇಟೆಡ್ ಎಂದಿರುವುದನ್ನು ತೆಗೆದುಹಾಕಲಾಗಿದೆ ಎಂದು ಓದಿಕೊಂಡು ಗಾಬರಿಯಾದವರನ್ನು ನಾನು ಎಷ್ಟೋ ಸಲ ಸಮಾಧಾನಪಡಿಸಿದ್ದೇನೆ. ಅದು ಈಗಲೂ ಕೆಲಸ ಮಾಡುತ್ತದೆ, ಹೊಸದಾಗಿ ಬರೆಯುವಾಗ ಬಳಸಬೇಡಿ, ಮುಂದೆಂದೋ ಹೋಗಬಹುದು. ಅದರ ಅರ್ಥ ಇಷ್ಟೇ.

ಇಂಥ ಪ್ರಶ್ನೆಗಳಿಗೆ "ಹುಡುಕಿ ನೋಡಿ" ಎಂದು ಉತ್ತರಿಸುವವರ ಮೇಲೆ ನನಗೆ ಸಣ್ಣ ಅಸಮಾಧಾನವಿದೆ. ಹುಡುಕಬೇಕಾದರೆ ಹೆಸರು ಗೊತ್ತಿರಬೇಕು. ಹೆಸರು ಗೊತ್ತಿಲ್ಲದ್ದರಿಂದಲೇ ಅವರು ಕೇಳುತ್ತಿದ್ದಾರೆ. ಒಂದು ವಿಸರ್ಗದಂಥ ಚಿಹ್ನೆಯ ಪಕ್ಕದಲ್ಲಿ ಸಮ ಚಿಹ್ನೆ ಇರುವುದನ್ನು ಪೈಥಾನ್ ಕೋಡಿನಲ್ಲಿ ಕಂಡವರು ಹುಡುಕುವ ಪೆಟ್ಟಿಗೆಯಲ್ಲಿ ಏನೆಂದು ಬರೆಯಬೇಕು? ಅದು 2019ರ 3.8ನೆಯ ಆವೃತ್ತಿಯಲ್ಲಿ ಬಂದದ್ದು, ಪಕ್ಕಕ್ಕೆ ತಿರುಗಿಸಿ ನೋಡಿದರೆ ವಾಲ್ರಸ್ ಎಂಬ ಕಡಲಪ್ರಾಣಿಯ ಕಣ್ಣು ಮತ್ತು ಕೋರೆಹಲ್ಲುಗಳಂತೆ ಕಾಣುವುದರಿಂದ ಅದನ್ನು ವಾಲ್ರಸ್ ಎಂದೇ ಕರೆಯುತ್ತಾರೆ ಎಂದು ಒಬ್ಬರು ಹೇಳಿದ ಮೇಲೆ ತಾನೇ ಹುಡುಕಾಟ ಸಾಧ್ಯ? ಇಂಟರ್‌ನ್ಯಾಷನಲೈಸೇಶನ್ ಎಂಬ ಉದ್ದ ಪದದ ಮೊದಲಕ್ಷರ, ಕೊನೆಯಕ್ಷರ, ನಡುವೆ ಬಿಟ್ಟ ಅಕ್ಷರಗಳ ಲೆಕ್ಕ 18, ಇವನ್ನು ಪೋಣಿಸಿ ಮಾಡಿದ ಐ18ಎನ್ ಎಂಬ ಸಂಕ್ಷೇಪವನ್ನು ತಾನಾಗಿ ಬಿಡಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಪದಗಳನ್ನು ಜೋಡಿಸುವ ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಬಗ್ಗೆ ಜಗಳವಾಡಿದವರು ಸಾಕಷ್ಟಿದ್ದಾರೆ. ಹೆಸರಿನ ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಹಾಗಾಗಿ ಕೆಲವರು ಒಂಟೆಯ ಡುಬ್ಬದಂತೆ ನಡುವೆ ದೊಡ್ಡಕ್ಷರ ಏಳಿಸುತ್ತಾರೆ, ಕೆಲವರು ಹಾವಿನಂತೆ ಅಡಿಗೆರೆ ಹರಿಸುತ್ತಾರೆ. ಅಡ್ಡಗೆರೆ ಏಕೆ ಸಲ್ಲದು ಎಂದು ಕೇಳುವವರಿಗೆ ಉತ್ತರ ಸುಲಭ: ಬಹುತೇಕ ಭಾಷೆಗಳಿಗೆ ಅದು ಕಳೆಯುವ ಚಿಹ್ನೆ. ಲಿಸ್ಪ್ ಮತ್ತು ಸಿಎಸ್‌ಎಸ್‌ಗಳಲ್ಲಿ ಆ ತೊಡಕಿಲ್ಲದ್ದರಿಂದ ಅಲ್ಲಿ ಅಡ್ಡಗೆರೆಯೇ ರೂಢಿ. ಪೈಥಾನಿನವರು 2001ರ ತಮ್ಮ ಎಂಟನೆಯ ಪ್ರಸ್ತಾವದಲ್ಲಿ ಫಂಕ್ಷನ್ನಿಗೆ ಅಡಿಗೆರೆ, ಕ್ಲಾಸಿಗೆ ಡುಬ್ಬ ಎಂದು ಬರೆದಿಟ್ಟಿದ್ದಾರೆ. ನಾನು ಹೇಳುವುದಿಷ್ಟೇ: ನೀವು ಕೈಹಾಕಿದ ಕಡತದಲ್ಲಿ ಮೊದಲೇ ಹೇಗಿದೆಯೋ ಹಾಗೆ ಬರೆಯಿರಿ, ನಿಮ್ಮ ಅಭಿರುಚಿಯನ್ನು ಮುಂದಿನ ಹೊಸ ಕಡತಕ್ಕೆ ಇಟ್ಟುಕೊಳ್ಳಿ.

ಫೂ ಹುಡುಕಿದ್ದ ಮಿತ್ರರು ಕೆಲವು ವಾರಗಳ ಬಳಿಕ ಇನ್ನೊಂದು ಪ್ರಶ್ನೆ ತಂದರು: "ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೇ?" ಈ ಸಲ ನಾನು ಕತೆ ಹೇಳದೆ ಅವರ ಮುಂದೆಯೇ ಬರೆದು ನೋಡಿದೆ. ಪೈಥಾನಿನಲ್ಲಿ 2007ರ ಒಂದು ಪ್ರಸ್ತಾವದ ಫಲವಾಗಿ ಮೂರನೆಯ ಆವೃತ್ತಿಯಿಂದ ಇದು ಸಾಧ್ಯ. ಸಂಖ್ಯೆ, ಮೊತ್ತ, ಖಾತೆ ಎಲ್ಲವೂ ಸಲ್ಲುತ್ತವೆ. ಗೋ ಭಾಷೆಯಲ್ಲಿ ನಗರ ಎಂಬ ಹೆಸರು ಸಲ್ಲಿತು, ನಾಡು ಎಂಬುದು ಸಲ್ಲಲಿಲ್ಲ. ಅವರು ನನ್ನ ಮುಖ ನೋಡಿದರು. ಗೋ ಭಾಷೆಯ ನಿಯಮದಂತೆ ಹೆಸರಿನಲ್ಲಿ ಬರಬೇಕಾದದ್ದು ಯುನಿಕೋಡ್ ಅಕ್ಷರ ಎಂದು ವರ್ಗೀಕರಿಸಿದ ಚಿಹ್ನೆಗಳು, ಅಂಕಿಗಳು ಮತ್ತು ಅಡಿಗೆರೆ ಮಾತ್ರ. ನಮ್ಮ ಕಾಗುಣಿತದ ಗುರುತುಗಳು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು ಎಂಬ ಬೇರೆ ವರ್ಗದಲ್ಲಿವೆ. ಹೀಗಾಗಿ ದೀರ್ಘ, ಕೊಂಬು, ಒತ್ತು, ಸೊನ್ನೆ ಯಾವುದೂ ಇಲ್ಲದ ಪದಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸಾಲದ್ದಕ್ಕೆ, ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕಾರಣ ನಗರವೂ ತನ್ನ ಪ್ಯಾಕೇಜಿನಿಂದ ಹೊರಗೆ ಕಾಲಿಡುವಂತಿಲ್ಲ.

ನಿರಾಶರಾಗದೆ ಅವರು ಪೈಥಾನಿಗೆ ಮರಳಿ ಒಂದು ಅಂಕಪಟ್ಟಿಯ ಪ್ರೋಗ್ರಾಮು ಬರೆಯತೊಡಗಿದರು. ಹೆಸರು, ಅಂಕ, ಒಟ್ಟು ಎಲ್ಲ ಸರಿಹೋಯಿತು. ರ‍್ಯಾಂಕ್ ಎಂದು ಬರೆದ ಸಾಲಿನಲ್ಲಿ ಪೈಥಾನ್ ಮುನಿಸಿಕೊಂಡಿತು. ಕಾಗುಣಿತ ನೋಡಿದೆವು, ಸರಿಯಿತ್ತು. ಅಕ್ಷರ ಅಕ್ಷರವಾಗಿ ಅಳಿಸುತ್ತ ಹೋದಾಗ ಒಂದು ಸಲ ಅಳಿಸುವ ಕೀಲಿ ಒತ್ತಿದರೂ ಏನೂ ಅಳಿಯಲಿಲ್ಲ. ರಕಾರವು ಅರ್ಕಾವೊತ್ತಾಗಿ ಪಕ್ಕಕ್ಕೆ ಸರಿಯದೆ ತನ್ನ ಪೂರ್ಣರೂಪದಲ್ಲೇ ನಿಂತು ಯಕಾರದ ಒತ್ತನ್ನು ಹೊರಲು, ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಕೀಲಿಮಣೆ ಸೇರಿಸಿರುತ್ತದೆ. ಅದು ಪೈಥಾನ್ ಒಪ್ಪುವ ಪಟ್ಟಿಯಲ್ಲಿಲ್ಲ. ಆ ಚಿಹ್ನೆಯನ್ನು ತೆಗೆದರೆ ಪ್ರೋಗ್ರಾಮು ಓಡುತ್ತದೆ, ಆದರೆ ಪದ ಪರದೆಯ ಮೇಲೆ ರ್ಯಾಂಕ್ ಎಂದು ಕಾಣುತ್ತದೆ.

"ಅದಕ್ಕೂ ಒಂದು ಹೆಸರಿದೆಯೇ?" ಎಂದು ಅವರು ಕೇಳಿದರು. ಜೀರೋ ವಿಡ್ತ್ ಜಾಯ್ನರ್ ಎಂದೆ. ಅಗಲ ಸೊನ್ನೆ, ಕೆಲಸ ಜೋಡಿಸುವುದು. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತು ನೋಡಿ, ಇದೊಂದು ಹೆಸರಿಗೆ ಮಾತ್ರ ವಿವರಣೆ ಬೇಡ ಎಂದರು. ಆಮೇಲೆ ವೇರಿಯಬಲ್ಲಿನ ಹೆಸರನ್ನು ಸ್ಥಾನ ಎಂದು ಬದಲಿಸಿದರು.